ಮಡಿಕೆಯೋ ಕುಡಿಕೆಯೋ: ಮೈಟೊಕಾಂಡ್ರಿಯದ ಒಳಪೊರೆಯ ಕುರಿತು ಒಂದು ಟಿಪ್ಪಣಿ

1. ಪೀಠಿಕೆ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಗಳಿಗೆ ಹೋಗಿಬಂದವರಿಗೆ ಥರ್ಮಾಕೋಲಿನ ಜೀವಕೋಶ ಚೆನ್ನಾಗಿ ಪರಿಚಿತ. ನಡುವೆ ಕೋಶಕೇಂದ್ರದ ಅರೆಚೆಂಡು, ಸುತ್ತಲೂ ಬಣ್ಣಬಣ್ಣದ ಕಣದಂಗಗಳು, ಒಂದು ಮಗ್ಗುಲಲ್ಲಿ ಉದ್ದಕ್ಕೆ ಸೀಳಿದ ಮೈಟೊಕಾಂಡ್ರಿಯ. ಅದರೊಳಗೆ ಉಲ್ಲನ್ ನೂಲು ಅಂಟಿಸಿ ಮಾಡಿದ, ಎಡಕ್ಕೂ ಬಲಕ್ಕೂ ಬಾಗುತ್ತ ಸಾಗುವ ಒಂದು ಗೆರೆ. ಪಕ್ಕದಲ್ಲಿ ನಿಂತ ಮಗು ಪಾಠ ಒಪ್ಪಿಸುತ್ತದೆ: ಇದು ಜೀವಕೋಶದ ಶಕ್ತಿಕೇಂದ್ರ, ಇದರ ಒಳಪೊರೆಯಲ್ಲಿ ಮಡಿಕೆಗಳಿವೆ, ಮಡಿಕೆಗಳಿಂದ ಮೇಲ್ಮೈಯ ವಿಸ್ತೀರ್ಣ ಹೆಚ್ಚುತ್ತದೆ.

ಮಗು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ನೂಲಿನ ಗೆರೆ 1950ರ ದಶಕದ ತಿಳಿವಳಿಕೆ. ಆಮೇಲಿನ ಏಳು ದಶಕಗಳಲ್ಲಿ ಗೊತ್ತಾದ ಎರಡು ಮುಖ್ಯ ಸಂಗತಿಗಳು ಅದರಲ್ಲಿ ಬಂದಿಲ್ಲ. ಮೊದಲನೆಯದು, ಕ್ರಿಸ್ಟೆ ಎಂದು ಕರೆಯುವ ಆ ರಚನೆ ಬಟ್ಟೆಯ ನೆರಿಗೆಯಂತೆ ಬಾಯಿ ತೆರೆದ ಮಡಿಕೆಯಲ್ಲ. ಕಿರಿದಾದ ಕೊರಳಿರುವ ಕುಡಿಕೆ. ಎರಡನೆಯದು, ಆ ಕುಡಿಕೆಗೆ ಆಕಾರ ಕೊಡುವುದು ಅದರ ಪೊರೆಯಲ್ಲಿ ಕೂತು ಕೆಲಸ ಮಾಡುವ ಯಂತ್ರವೇ. ಕಟ್ಟಡವನ್ನು ಮೊದಲು ಕಟ್ಟಿ ಯಂತ್ರವನ್ನು ಆಮೇಲೆ ತಂದು ಕೂರಿಸಿದ್ದಲ್ಲ.

ಪಠ್ಯಪುಸ್ತಕಗಳು ‘ರಚನೆ’ ಎಂದು ಒಂದು ಶೀರ್ಷಿಕೆ, ‘ಕಾರ್ಯ’ ಎಂದು ಇನ್ನೊಂದು ಶೀರ್ಷಿಕೆ ಕೊಟ್ಟು ಎರಡನ್ನೂ ಬೇರೆಬೇರೆ ಕಲಿಸುತ್ತವೆ. ಮೈಟೊಕಾಂಡ್ರಿಯದ ಒಳಪೊರೆಯ ಮಟ್ಟಿಗೆ ಈ ವಿಂಗಡಣೆ ನಿಲ್ಲುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ. ಅದಕ್ಕೆ ಬೇಕಾದ ಸಾಕ್ಷ್ಯಗಳನ್ನು ವಿಷಯವಾರು ಇಲ್ಲಿ ಜೋಡಿಸಿದ್ದೇನೆ.

2. ಬಣ್ಣ ಹಿಡಿದ ಕಣಗಳು

ಜರ್ಮನಿಯ ರಿಚರ್ಡ್ ಆಲ್ಟ್‌ಮನ್ 1890ರಲ್ಲಿ ಜೀವಕೋಶಗಳೊಳಗಿನ ಸಣ್ಣ ಕಣಗಳನ್ನು ಬಣ್ಣ ಹಾಕಿ ತೋರಿಸಿ ಅವನ್ನು ‘ಬಯೋಬ್ಲಾಸ್ಟ್’ ಎಂದು ಕರೆದ. ಅವು ಕೋಶದೊಳಗೆ ನೆಲೆಸಿರುವ ಮೂಲಜೀವಿಗಳು ಎಂಬುದು ಅವನ ನಂಬಿಕೆ. ಅಂದಿನ ವಿದ್ವಾಂಸರು ಅದನ್ನು ಒಪ್ಪಲಿಲ್ಲ. 1898ರಲ್ಲಿ ಕಾರ್ಲ್ ಬೆಂಡಾ ಇವುಗಳಿಗೆ ಇಂದಿನ ಹೆಸರನ್ನಿಟ್ಟ. ಗ್ರೀಕ್ ಭಾಷೆಯಲ್ಲಿ ‘ಮೈಟೋಸ್’ ಎಂದರೆ ನೂಲು, ‘ಕಾಂಡ್ರಿಯನ್’ ಎಂದರೆ ಕಾಳು. ಒಮ್ಮೆ ನೂಲಿನಂತೆ, ಒಮ್ಮೆ ಕಾಳಿನಂತೆ ಕಾಣುವ ವಸ್ತುವಿಗೆ ಒಪ್ಪುವ ಹೆಸರು. 1900ರಲ್ಲಿ ಲಿಯೊನೋರ್ ಮೈಕೆಲಿಸ್ ಜೇನಸ್ ಗ್ರೀನ್ ಎಂಬ ಬಣ್ಣವನ್ನು ಬಳಸಿ, ಕೋಶವನ್ನು ಕೊಲ್ಲದೆಯೇ ಮೈಟೊಕಾಂಡ್ರಿಯಗಳನ್ನು ನೋಡಬಹುದೆಂದು ತೋರಿಸಿದ.

ಈ ಪ್ರಯೋಗವನ್ನು ನಮ್ಮ ಪದವಿ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇಂದಿಗೂ ಮಾಡಬಹುದು. ಈರುಳ್ಳಿಯ ಒಂದು ಎಸಳನ್ನು ಮುರಿದರೆ ಒಳಮೈಯಿಂದ ಗಾಜಿನಂಥ ತೆಳುಸಿಪ್ಪೆ ಎದ್ದುಬರುತ್ತದೆ. ಅದನ್ನು ಸ್ಲೈಡಿನ ಮೇಲೆ ಹರಡಿ, ಬಹಳ ತೆಳುವಾದ ಜೇನಸ್ ಗ್ರೀನ್ ದ್ರಾವಣದ ಒಂದೆರಡು ಹನಿ ಬಿಟ್ಟು ಕೆಲವು ನಿಮಿಷ ಕಾಯಬೇಕು. ಆಮೇಲೆ ಹೆಚ್ಚು ಶಕ್ತಿಯ ಮಸೂರದಲ್ಲಿ ಕೋಶಭಿತ್ತಿಯ ಪಕ್ಕದ ತೆಳುವಾದ ಕೋಶದ್ರವ್ಯದ ಪಟ್ಟಿಯನ್ನು ನೋಡಿದರೆ, ಸಾಸಿವೆಯನ್ನು ನೂರು ಪಾಲು ಮಾಡಿ ಚೆಲ್ಲಿದಂತೆ ನೀಲಿಹಸಿರು ಚುಕ್ಕೆಗಳು ಕಾಣುತ್ತವೆ. ಅವು ಕೋಶದ್ರವ್ಯದ ಹರಿವಿನಲ್ಲಿ ಸಾಲಾಗಿ ತೇಲಿಹೋಗುತ್ತಿರುತ್ತವೆ. ಗಾಜಿನ ಹೊದಿಕೆಯಡಿ ಆಮ್ಲಜನಕ ಮುಗಿಯುತ್ತ ಬಂದಂತೆ ನೀಲಿಹಸಿರು ಗುಲಾಬಿಗೆ ತಿರುಗಿ, ಕೊನೆಗೆ ಬಣ್ಣವೇ ಮಾಸುತ್ತದೆ.

ಈ ಬಣ್ಣದ ಬದಲಾವಣೆಯಲ್ಲಿ ಒಂದು ಸಾಕ್ಷ್ಯವಿದೆ. ಕೋಶದ್ರವ್ಯದ ಉಳಿದೆಡೆ ಜೇನಸ್ ಗ್ರೀನ್ ಇಲೆಕ್ಟ್ರಾನುಗಳನ್ನು ಪಡೆದು ಬಣ್ಣ ಕಳೆದುಕೊಳ್ಳುತ್ತದೆ. ಮೈಟೊಕಾಂಡ್ರಿಯದಲ್ಲಿ ಮಾತ್ರ ಅಲ್ಲಿನ ಕಿಣ್ವವೊಂದು ಆ ಇಲೆಕ್ಟ್ರಾನುಗಳನ್ನು ಕಸಿದು ಆಮ್ಲಜನಕಕ್ಕೆ ಒಪ್ಪಿಸುತ್ತಿರುವವರೆಗೆ ಬಣ್ಣ ಉಳಿಯುತ್ತದೆ. ಅಂದರೆ ನಾವು ಕಣ್ಣಾರೆ ನೋಡುತ್ತಿರುವುದು ಒಂದು ಕಣದಂಗದ ಆಕಾರವನ್ನಷ್ಟೇ ಅಲ್ಲ, ಅದರ ಉಸಿರಾಟವನ್ನು. ಮೈಟೊಕಾಂಡ್ರಿಯದ ಅಧ್ಯಯನದಲ್ಲಿ ರಚನೆ ಮತ್ತು ಕಾರ್ಯ ಮೊದಲ ದಿನದಿಂದಲೇ ಒಂದೇ ಸ್ಲೈಡಿನಲ್ಲಿ ಕೂತಿದ್ದವು.

ಆದರೂ ಅವು ಮಾಡುವ ಕೆಲಸ ಖಚಿತವಾಗಲು ಅರ್ಧ ಶತಮಾನ ಬೇಕಾಯಿತು. ಒಟ್ಟೊ ವಾರ್‌ಬರ್ಗ್ 1913ರಲ್ಲಿ ಕೋಶದ ಉಸಿರಾಟ ಕೆಲವು ಕಣಗಳಿಗೆ ಅಂಟಿಕೊಂಡಿದೆ ಎಂದು ತೋರಿಸಿದ. ಡೇವಿಡ್ ಕೇಲಿನ್ 1925ರಲ್ಲಿ ಸೈಟೊಕ್ರೋಮ್‌ಗಳನ್ನು ವಿವರಿಸಿದ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಲ್ಬರ್ಟ್ ಕ್ಲೋಡ್ ಕೋಶವನ್ನು ಅರೆದು, ಗಿರಗಿರನೆ ತಿರುಗಿಸಿ, ಭಾಗಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ವಿಧಾನ ರೂಪಿಸಿದ. 1948ರಲ್ಲಿ ಹೋಗೆಬೂಮ್, ಶ್ನೈಡರ್ ಮತ್ತು ಪಾಲಾಡೆ ಇಲಿಯ ಪಿತ್ತಜನಕಾಂಗವನ್ನು ಗಟ್ಟಿ ಸಕ್ಕರೆ ದ್ರಾವಣದಲ್ಲಿ ಅರೆದಾಗ, ಬೇರ್ಪಟ್ಟ ಮೈಟೊಕಾಂಡ್ರಿಯಗಳು ತಮ್ಮ ಆಕಾರವನ್ನು ಉಳಿಸಿಕೊಂಡವು. ಜೇನಸ್ ಗ್ರೀನ್ ಬಣ್ಣವನ್ನೂ ಹಿಡಿದವು. ಅದೇ ಹೊತ್ತಿಗೆ ಯೂಜೀನ್ ಕೆನಡಿ ಮತ್ತು ಆಲ್ಬರ್ಟ್ ಲೆನಿಂಜರ್ ಸಿಟ್ರಿಕ್ ಆಮ್ಲ ಚಕ್ರವೂ ಕೊಬ್ಬಿನ ದಹನವೂ ನಡೆಯುವುದು ಇಲ್ಲೇ ಎಂದು ತೋರಿಸಿದರು. 1957ರಲ್ಲಿ ಫಿಲಿಪ್ ಸೀಕೆವಿಟ್ಜ್ ಬರೆದ ಜನಪ್ರಿಯ ಲೇಖನವೊಂದರಿಂದ ‘ಶಕ್ತಿಕೇಂದ್ರ’ ಎಂಬ ಮಾತು ಜಗತ್ತಿನ ಪಠ್ಯಪುಸ್ತಕಗಳಿಗೆಲ್ಲ ಹರಡಿತು.

3. ಹೋಳು ತೋರಿಸಿದ್ದು, ಹೋಳು ಮರೆಸಿದ್ದು

ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೈಟೊಕಾಂಡ್ರಿಯದ ಒಳಗನ್ನು ಸ್ಪಷ್ಟವಾಗಿ ತೋರಿಸಿದವನು ಜಾರ್ಜ್ ಪಾಲಾಡೆ. 1952ರಲ್ಲಿ ಅವನು ಒಳಗಿನ ಏಣುಗಳಿಗೆ ‘ಕ್ರಿಸ್ಟೆ’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ಜುಟ್ಟು ಅಥವಾ ಶಿಖೆ. ಒಳಪೊರೆಯೇ ಅಗಲವಾಗಿ ಒಳಕ್ಕೆ ಬಾಗಿ ಏಣಾಗಿದೆ, ಏಣಿನ ಬುಡ ಪೂರ್ತಿ ತೆರೆದಿದೆ ಎಂಬುದು ಅವನ ಚಿತ್ರಣ. ಸ್ವೀಡನ್ನಿನ ಫ್ರಿಟ್ಯೋಫ್ ಷೋಸ್ಟ್ರಾಂಡ್ 1953ರಲ್ಲಿ ಬೇರೆಯೇ ಚಿತ್ರ ಕೊಟ್ಟ: ಅವು ಒಳಪೊರೆಗೆ ಅಂಟದ, ಒಳಗೆ ಬಿಡಿಬಿಡಿಯಾಗಿ ನಿಂತ ತಡಿಕೆಗೋಡೆಗಳು. ಪಾಲಾಡೆಯ ಚಿತ್ರ ಗೆದ್ದಿತು. ಥರ್ಮಾಕೋಲಿನ ಮೇಲಿನ ಉಲ್ಲನ್ ನೂಲು ಆ ಗೆಲುವಿನ ಮುಂದುವರಿಕೆ.

ಇಬ್ಬರೂ ಒಳ್ಳೆಯ ನೋಟಗಾರರೇ. ಒಂದೇ ವಸ್ತು ಅವರಿಗೆ ಬೇರೆಬೇರೆಯಾಗಿ ಕಂಡದ್ದಕ್ಕೆ ಕಾರಣ ವಿಧಾನದಲ್ಲಿತ್ತು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಅಂಗಾಂಶವನ್ನು ರಾಳದಲ್ಲಿ ಗಟ್ಟಿಗೊಳಿಸಿ ಅತಿ ತೆಳುವಾಗಿ ಹೆಚ್ಚಬೇಕು. ನಾವು ನೋಡುವುದು ಒಂದು ಹೋಳನ್ನು ಮಾತ್ರ. ಕಿರುಗೊರಳಿನ ಮಣ್ಣಿನ ಕುಡಿಕೆಯೊಂದನ್ನು ಎಲ್ಲೆಂದರಲ್ಲಿ ಗರಗಸದಿಂದ ಕೊಯ್ದರೆ ಹತ್ತರಲ್ಲಿ ಒಂಬತ್ತು ಬಾರಿ ಸಿಗುವುದು ಹೊಟ್ಟೆಯ ಭಾಗ. ಕೊರಳು ಸೀಳಿನಲ್ಲಿ ಸಿಗುವುದು ಅಪರೂಪ. ಕೊರಳು ಸಿಗದ ಹೋಳನ್ನು ಕಂಡವನು ಇದು ಎಲ್ಲಿಗೂ ಅಂಟದ ಬಳೆ ಎನ್ನುತ್ತಾನೆ. ಕೊರಳು ಸಿಕ್ಕ ಹೋಳನ್ನು ಕಂಡವನು ಇದು ಗೋಡೆಯಿಂದಲೇ ಹೊರಟ ಮಡಿಕೆ ಎನ್ನುತ್ತಾನೆ.

ಲೆಕ್ಕವನ್ನೂ ನೋಡಬಹುದು. ಸಾಮಾನ್ಯ ಹೋಳಿನ ದಪ್ಪ 50ರಿಂದ 100 ನ್ಯಾನೊಮೀಟರ್. ಕ್ರಿಸ್ಟೆಯ ಕೊರಳಿನ ಅಗಲ ಈಗ ಗೊತ್ತಾಗಿರುವಂತೆ 30 ನ್ಯಾನೊಮೀಟರಿನ ಆಸುಪಾಸು. ಹೋಳಿಗಿಂತ ಕಿರಿದಾದ ಕೊರಳು ಆ ಹೋಳಿನ ದಪ್ಪದೊಳಗೇ ಹುದುಗಿ ಮಸುಕಾಗುವುದು ಸಹಜ. ಇಷ್ಟಿದ್ದೂ ಡೇಮ್ಸ್ ಮತ್ತು ವಿಸ್ಸೆ ಎಂಬ ಸಂಶೋಧಕರು 1966ರಲ್ಲೇ ಇಲಿಮರಿಯಂಥ ಚುಂಡಿಲಿಯ ಪಿತ್ತಜನಕಾಂಗದಲ್ಲಿ ಕ್ರಿಸ್ಟೆಗಳು ಸಣ್ಣ ನಳಿಗೆಯಂಥ ತೊಟ್ಟುಗಳಿಂದ ಒಳಪೊರೆಗೆ ಸೇರಿವೆ ಎಂದು ಬರೆದರು. ಪಠ್ಯಪುಸ್ತಕಗಳು ಅದನ್ನು ಗಮನಿಸಲಿಲ್ಲ.

1990ರ ದಶಕದಲ್ಲಿ ಇಲೆಕ್ಟ್ರಾನ್ ಟೊಮೊಗ್ರಫಿ ಬಂದು ಈ ವಿವಾದ ಬಗೆಹರಿಯಿತು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಮಾಡುವ ಕೆಲಸವನ್ನೇ ಇದು ಕೋಶದ ಮಟ್ಟದಲ್ಲಿ ಮಾಡುತ್ತದೆ: ಮಾದರಿಯನ್ನು ಸ್ವಲ್ಪಸ್ವಲ್ಪ ವಾಲಿಸುತ್ತ ಹಲವು ಚಿತ್ರ ತೆಗೆದು, ಗಣಕದಲ್ಲಿ ಕೂಡಿಸಿ, ಮೂರು ಆಯಾಮದ ರೂಪ ಕಟ್ಟುತ್ತದೆ. ಕಾರ್ಮೆನ್ ಮ್ಯಾನೆಲ್ಲ, ಗೈ ಪರ್ಕಿನ್ಸ್, ಟೆರೆನ್ಸ್ ಫ್ರೇ ಮೊದಲಾದವರ ಕೆಲಸದಿಂದ ತಿಳಿದುಬಂದದ್ದು ಇಷ್ಟು. ಒಳಪೊರೆಯಲ್ಲಿ ಎರಡು ಪ್ರಾಂತಗಳಿವೆ. ಒಂದು ಭಾಗ ಹೊರಪೊರೆಗೆ ಒತ್ತಿಕೊಂಡು ಗಡಿಯಾಗಿ ನಿಂತಿದೆ. ಇನ್ನೊಂದು ಭಾಗ ಕ್ರಿಸ್ಟೆಗಳಾಗಿ ಒಳಕ್ಕೆ ಇಳಿದಿದೆ. ಎರಡನ್ನೂ ಕೂಡಿಸುವುದು ಆ ಕಿರುಗೊರಳು ಮಾತ್ರ. ಕ್ರಿಸ್ಟೆಯ ಹೊಟ್ಟೆ ಒಂದೆಡೆ ಚಪ್ಪಟೆ ಚೀಲ, ಇನ್ನೊಂದೆಡೆ ಕೊಳವೆ. ಅಂಗಾಂಶದಿಂದ ಅಂಗಾಂಶಕ್ಕೆ ಆಕಾರ ಬದಲಾಗುತ್ತದೆ, ಕೊರಳು ಕಿರಿದಾಗಿಯೇ ಇರುತ್ತದೆ.

4. ಏರಿ ಗಟ್ಟಿಯಿದ್ದರೆ ಕೆರೆ

ಕುಡಿಕೆಯ ಆಕಾರ ಏಕೆ ಮುಖ್ಯ ಎಂಬುದನ್ನು ತಿಳಿಯಲು ಅದರಲ್ಲಿ ತುಂಬಿಟ್ಟಿರುವುದೇನು ಎಂದು ನೋಡಬೇಕು.

ಜೀವಕೋಶ ತನ್ನ ಬಹುಪಾಲು ಕೆಲಸಗಳಿಗೆ ತೆರುವ ನಾಣ್ಯ ಎಟಿಪಿ. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್, ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಸೈರಸ್ ಫಿಸ್ಕ್ ಮತ್ತು ಯೆಲ್ಲಾಪ್ರಗಡ ಸುಬ್ಬರಾವ್, ಒಬ್ಬರಿಗೊಬ್ಬರು ಅರಿಯದಂತೆ ಸ್ನಾಯುವಿನಲ್ಲಿ ಇದನ್ನು ಕಂಡುಹಿಡಿದರು. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಸುಬ್ಬರಾವ್ ಅವರ ಹೆಸರು ನಮ್ಮ ಜೀವವಿಜ್ಞಾನದ ತರಗತಿಗಳಲ್ಲಿ ಈಗಿರುವುದಕ್ಕಿಂತ ಹೆಚ್ಚು ಕೇಳಿಬರಬೇಕು. ವಯಸ್ಕ ಮನುಷ್ಯನ ದೇಹ ದಿನವೊಂದಕ್ಕೆ ಸರಿಸುಮಾರು ತನ್ನ ತೂಕದಷ್ಟೇ ಎಟಿಪಿಯನ್ನು ಬಳಸಿ ಮತ್ತೆ ಕಟ್ಟುತ್ತದೆ ಎಂಬುದು ಅಂದಾಜು. ಯಾವುದೇ ಒಂದು ಕ್ಷಣ ದೇಹದಲ್ಲಿರುವ ಎಟಿಪಿ ಅದರ ಒಂದು ಸಣ್ಣ ಅಂಶ. ಅಂದರೆ ಅದೇ ನಾಣ್ಯ ದಿನಕ್ಕೆ ನೂರಾರು ಬಾರಿ ಕೈ ಬದಲಿಸುತ್ತದೆ.

ಆಹಾರದ ದಹನದಿಂದ ಬಿಡುಗಡೆಯಾಗುವ ಶಕ್ತಿ ಎಟಿಪಿಗೆ ದಾಟುವುದು ಹೇಗೆ? 1950ರ ದಶಕದ ಬಹುಪಾಲು ಜೀವರಸಾಯನಜ್ಞರು ನಡುವೆ ಒಂದು ಅಧಿಕಶಕ್ತಿಯ ಸಂಯುಕ್ತ ಇರಲೇಬೇಕು ಎಂದು ಹುಡುಕಿದರು. ಅದು ಸಿಗಲಿಲ್ಲ. 1961ರಲ್ಲಿ ಬ್ರಿಟನ್ನಿನ ಪೀಟರ್ ಮಿಚೆಲ್ ಅಂಥ ಸಂಯುಕ್ತ ಇಲ್ಲವೇ ಇಲ್ಲ ಎಂದು ಬರೆದ. ಅವನ ಪ್ರಕಾರ ಶಕ್ತಿ ನಿಂತಿರುವುದು ಪೊರೆಯ ಎರಡು ಬದಿಗಳ ನಡುವಿನ ವ್ಯತ್ಯಾಸದಲ್ಲಿ. ಉಸಿರಾಟದ ಕಿಣ್ವಗಳು ಪ್ರೋಟಾನುಗಳನ್ನು ಒಳಗಿನ ಮಾತೃಕೆಯಿಂದ ಪೊರೆಯಾಚೆಗೆ ಎತ್ತಿ ಹಾಕುತ್ತವೆ. ಅವು ಮರಳಿ ಇಳಿಯುವಾಗ ಎಟಿಪಿ ಕಟ್ಟಲ್ಪಡುತ್ತದೆ.

ನಮ್ಮ ಬಯಲುಸೀಮೆಯ ಕೆರೆಯನ್ನು ನೆನೆದರೆ ಇದು ಕೂಡಲೇ ತಿಳಿಯುತ್ತದೆ. ಉಸಿರಾಟದ ಕಿಣ್ವಗಳು ಏತ, ಪ್ರೋಟಾನುಗಳು ನೀರು, ಒಳಪೊರೆ ಕೆರೆಯ ಏರಿ, ಎಟಿಪಿ ಕಟ್ಟುವ ಕಿಣ್ವ ತೂಬು. ಏರಿ ಗಟ್ಟಿಯಿರುವವರೆಗೆ ಮಾತ್ರ ಅದು ಕೆರೆ. ಏರಿಯಲ್ಲಿ ಏಡಿ ಬಿಲ ತೋಡಿದರೆ ನೀರು ತೂಬಿಗೆ ಬಾರದೆ ಸೋರಿಹೋಗುತ್ತದೆ. ಮಿಚೆಲ್‌ನ ಸಿದ್ಧಾಂತ ಪೊರೆಯ ಮೇಲೆ ಒಂದೇ ಒಂದು ಶರತ್ತು ಹಾಕಿತು: ಅದು ಬಿರುಕಿಲ್ಲದೆ ಮುಚ್ಚಿರಬೇಕು. ಹಿಂದಿನ ಸಿದ್ಧಾಂತಕ್ಕೆ ಇಂಥ ಶರತ್ತು ಬೇಕಿರಲಿಲ್ಲ. ಪೊರೆಯ ಆಕಾರ ಶಕ್ತಿಯ ಲೆಕ್ಕಾಚಾರದೊಳಗೆ ಬಂದದ್ದು ಇಲ್ಲಿಂದ.

ಸಾಕ್ಷ್ಯಗಳು ಒಂದೊಂದಾಗಿ ಬಂದವು. 1966ರಲ್ಲಿ ಆಂಡ್ರೆ ಯಾಗೆನ್‌ಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಕ್ಲೋರೋಪ್ಲಾಸ್ಟಿನ ಪೊರೆಚೀಲಗಳನ್ನು ಮೊದಲು ಆಮ್ಲದಲ್ಲಿ ನೆನೆಸಿ, ಆಮೇಲೆ ಕತ್ತಲಲ್ಲೇ ಕ್ಷಾರೀಯ ದ್ರಾವಣಕ್ಕೆ ಹಾಕಿದರು. ಬೆಳಕಿಲ್ಲದಿದ್ದರೂ ಎಟಿಪಿ ಹುಟ್ಟಿತು. 1974ರಲ್ಲಿ ಎಫ್ರೇಮ್ ರ್‍ಯಾಕರ್ ಮತ್ತು ವಾಲ್ಟರ್ ಸ್ಟೋಕೆನಿಯಸ್ ಇನ್ನೂ ಧೈರ್ಯದ ಪ್ರಯೋಗ ಮಾಡಿದರು. ಕೃತಕ ಕೊಬ್ಬಿನ ಗುಳ್ಳೆಗಳನ್ನು ಮಾಡಿ, ಉಪ್ಪುನೀರಿನ ಸೂಕ್ಷ್ಮಜೀವಿಯೊಂದರಿಂದ ಬೆಳಕಿನ ಬಲದಲ್ಲಿ ಪ್ರೋಟಾನು ಎತ್ತುವ ನೇರಳೆ ಪ್ರೋಟೀನನ್ನೂ, ದನದ ಹೃದಯದ ಮೈಟೊಕಾಂಡ್ರಿಯದಿಂದ ಎಟಿಪಿ ಕಟ್ಟುವ ಕಿಣ್ವವನ್ನೂ ಅವುಗಳಲ್ಲಿ ಕೂರಿಸಿದರು. ನಿಸರ್ಗದಲ್ಲಿ ಎಂದೂ ಒಂದೆಡೆ ಸೇರದ ಎರಡು ಪ್ರೋಟೀನುಗಳು. ಬೆಳಕು ಬಿದ್ದಾಗ ಗುಳ್ಳೆಗಳು ಎಟಿಪಿ ಮಾಡಿದವು. ಎರಡರ ನಡುವೆ ಇದ್ದ ನಂಟು ಒಂದೇ, ಮುಚ್ಚಿದ ಪೊರೆ. ಮಿಚೆಲ್‌ಗೆ 1978ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಬಂತು.

ಏರಿ ಸೋರಿದರೆ ಏನಾಗುತ್ತದೆ ಎಂಬುದಕ್ಕೂ ದಾಖಲೆ ಇದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಡೈನೈಟ್ರೊಫಿನಾಲ್ ಎಂಬ ರಾಸಾಯನಿಕವನ್ನು ತೂಕ ಇಳಿಸುವ ಮಾತ್ರೆಯಾಗಿ ಮಾರಿದರು. ಅದು ಪ್ರೋಟಾನುಗಳನ್ನು ಹೊತ್ತು ಪೊರೆಯ ಮೂಲಕ ನೇರವಾಗಿ ದಾಟಿಸುತ್ತದೆ. ಆಹಾರ ಉರಿಯುತ್ತದೆ, ಎಟಿಪಿ ಆಗುವುದಿಲ್ಲ, ಶಕ್ತಿಯೆಲ್ಲ ಶಾಖವಾಗುತ್ತದೆ. ತೂಕ ಇಳಿಯಿತು, ಮೈ ಸುಟ್ಟು ಜನ ಸತ್ತರು, ಕೆಲವರಿಗೆ ಕಣ್ಣಿನ ಪೊರೆ ಬಂತು. 1938ರ ಹೊತ್ತಿಗೆ ಅದು ಮಾರುಕಟ್ಟೆಯಿಂದ ಹೊರಬಿತ್ತು. ಇದೇ ಸೋರಿಕೆಯನ್ನು ನಿಸರ್ಗ ಹದವರಿತು ಬಳಸುವುದೂ ಉಂಟು. ಎಳೆಗೂಸಿನ ಕುತ್ತಿಗೆ ಮತ್ತು ಬೆನ್ನಿನ ಮೇಲ್ಭಾಗದ ಕಂದುಕೊಬ್ಬಿನಲ್ಲಿ ಥರ್ಮೋಜೆನಿನ್ ಎಂಬ ಪ್ರೋಟೀನು ಒಳಪೊರೆಯಲ್ಲಿ ಬೇಕೆಂದೇ ಒಂದು ಕಿಂಡಿ ಇಡುತ್ತದೆ. ನಡುಗಲು ಬಾರದ ಕೂಸು ಬೆಚ್ಚಗಿರುವುದಕ್ಕೆ ಆ ಕಿಂಡಿಯೂ ಒಂದು ಕಾರಣ.

ಏರಿಯ ಮೇಲಿನ ಒತ್ತಡ ಎಷ್ಟಿದೆ ಎಂದು ನೋಡೋಣ. ಒಳಪೊರೆಯ ಎರಡು ಬದಿಗಳ ನಡುವೆ ಸುಮಾರು 150 ಮಿಲಿವೋಲ್ಟ್ ವ್ಯತ್ಯಾಸ. ಟಾರ್ಚಿನ ಒಂದು ಸೆಲ್ಲಿನ ಹತ್ತನೇ ಒಂದು ಪಾಲು. ಆದರೆ ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್. ಮೀಟರಿನ ಲೆಕ್ಕಕ್ಕೆ ತಂದರೆ ಅದು 3 ಕೋಟಿ ವೋಲ್ಟ್ ಆಗುತ್ತದೆ. ಇಷ್ಟು ಬಿಗಿಯಾದ ಕ್ಷೇತ್ರವನ್ನು ಎರಡು ಅಣುಗಳಷ್ಟು ದಪ್ಪದ ಕೊಬ್ಬಿನ ಹಾಳೆ ತಡೆದು ನಿಲ್ಲಿಸಿಕೊಂಡಿದೆ.

5. ತಿರುಗುವ ತೂಬು

1962ರಲ್ಲಿ ಹುಂಬೆರ್ಟೊ ಫರ್ನಾಂಡೆಸ್ ಮೊರಾನ್ ಒಳಪೊರೆಯ ಮಾತೃಕೆಯ ಬದಿಯಲ್ಲಿ, ಕಡ್ಡಿಯ ತುದಿಗೆ ಅಂಟಿಸಿದ ಮಿಠಾಯಿಯಂತೆ ನಿಂತ ಗುಂಡುತಲೆಗಳನ್ನು ತೋರಿಸಿದ. ಒಂದೊಂದರ ಅಗಲ ಸುಮಾರು 9 ನ್ಯಾನೊಮೀಟರ್. ಅವೇ ಎಟಿಪಿ ಕಟ್ಟುವ ಕಿಣ್ವದ ತಲೆಗಳು. ಈ ಕಿಣ್ವ ಮೂರು ಹಂತಗಳಲ್ಲಿ ಸರದಿಯಂತೆ ಕೆಲಸ ಮಾಡುತ್ತದೆ, ನಡುವೆ ಏನೋ ತಿರುಗುತ್ತದೆ ಎಂದು ಪಾಲ್ ಬಾಯರ್ ಊಹಿಸಿದ. 1994ರಲ್ಲಿ ಜಾನ್ ವಾಕರ್ ತಂಡ ದನದ ಹೃದಯದ ಕಿಣ್ವದ ಅಣುರಚನೆಯನ್ನು ಪ್ರಕಟಿಸಿತು. ಮೂರು ಜೋಡಿ ತೊಳೆಗಳ ನಡುವೆ ವಾರೆಯಾದ ಅಚ್ಚೊಂದು ತೂರಿಕೊಂಡಿತ್ತು. 1997ರಲ್ಲಿ ಜಪಾನಿನ ಹಿರೊಯುಕಿ ನೋಜಿ, ಮಸಾಸುಕೆ ಯೋಶಿದಾ, ಕಝುಹಿಕೊ ಕಿನೊಸಿತಾ ಮೊದಲಾದವರು ಆ ಅಚ್ಚಿಗೆ ಹೊಳೆಯುವ ಆಕ್ಟಿನ್ ಎಳೆಯೊಂದನ್ನು ಅಂಟಿಸಿ, ಎಟಿಪಿ ಕೊಟ್ಟು ನೋಡಿದರು. ಎಳೆ ಒಂದೇ ದಿಕ್ಕಿನಲ್ಲಿ ಗಾಣದ ನೊಗದಂತೆ ಸುತ್ತಿತು. ಒಂದೇ ಒಂದು ಅಣು ತಿರುಗುವುದನ್ನು ಮನುಷ್ಯರು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಅದೇ ವರ್ಷ ಬಾಯರ್ ಮತ್ತು ವಾಕರ್ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು.

ದನದ ಈ ಕಿಣ್ವದ ಚಕ್ರದಲ್ಲಿ 8 ಹಲ್ಲುಗಳಿವೆ. ಒಂದು ಸುತ್ತಿಗೆ 8 ಪ್ರೋಟಾನುಗಳು ಇಳಿಯುತ್ತವೆ, 3 ಎಟಿಪಿ ಹುಟ್ಟುತ್ತವೆ. ಅಂದರೆ ಒಂದು ಎಟಿಪಿಗೆ 2.7 ಪ್ರೋಟಾನು. ಕಚ್ಚಾವಸ್ತುವನ್ನು ಒಳತರಲು, ಎಟಿಪಿಯನ್ನು ಹೊರಗೆ ಕಳಿಸಲು ಇನ್ನೊಂದು ಪ್ರೋಟಾನು ಸೇರಿ 3.7. ಒಂದು ಗ್ಲೂಕೋಸಿಗೆ 38 ಎಟಿಪಿ ಎಂಬ ಹಳೆಯ ಪಠ್ಯಗಳ ಲೆಕ್ಕ ಹುಟ್ಟಿದ್ದು ಎಲ್ಲವೂ ಪೂರ್ಣಾಂಕಗಳಲ್ಲಿ ನಡೆಯುತ್ತದೆ ಎಂಬ ಊಹೆಯಿಂದ. ಚಕ್ರದ ಹಲ್ಲುಗಳನ್ನು ಎಣಿಸಿದ ಮೇಲೆ ಆ ಸಂಖ್ಯೆ 30ರ ಆಸುಪಾಸಿಗೆ ಇಳಿದಿದೆ. ಇಲ್ಲೂ ಕಾರ್ಯದ ಲೆಕ್ಕ ರಚನೆಯ ಲೆಕ್ಕದಿಂದಲೇ ಬಂತು.

6. ಯಂತ್ರವೇ ಕುಂಬಾರ

ಈಗ ಮುಖ್ಯ ಸಾಕ್ಷ್ಯಕ್ಕೆ ಬರೋಣ. ಎಟಿಪಿ ಕಟ್ಟುವ ಕಿಣ್ವಗಳು ಪೊರೆಯಲ್ಲಿ ಅಲ್ಲೊಂದು ಇಲ್ಲೊಂದು ಚದುರಿಲ್ಲ. ಅವು ಜೋಡಿಜೋಡಿಯಾಗಿವೆ. ಜೋಡಿಗಳು ಕ್ರಿಸ್ಟೆಯ ಬಾಗಿದ ಅಂಚಿನುದ್ದಕ್ಕೂ ಸಾಲುಗಟ್ಟಿವೆ. ಒಂದು ಜೋಡಿಯ ಎರಡು ಕಿಣ್ವಗಳು ಸಮಾನಾಂತರವಾಗಿ ನಿಲ್ಲದೆ, ಬುಡದಲ್ಲಿ ಸೇರಿ ತಲೆಗಳು ದೂರವಾಗುವಂತೆ ಕವಲೊಡೆದಿವೆ. ವೆರ್ನರ್ ಕ್ಯೂಲ್‌ಬ್ರಾಂಟ್ ತಂಡ 2012ರಲ್ಲಿ ಯೀಸ್ಟಿನ ಕಿಣ್ವಜೋಡಿಯಲ್ಲಿ ಈ ಕೋನವನ್ನು 86 ಡಿಗ್ರಿ ಎಂದು ಅಳೆಯಿತು. ಇಂಥ ಕವಲು ಪೊರೆಯಲ್ಲಿ ನಾಟಿಕೊಂಡರೆ ಪೊರೆ ಅಲ್ಲಿ ಬಾಗಲೇಬೇಕು. ಒಂದರ ಪಕ್ಕ ಒಂದು ಕವಲು ನಿಂತರೆ ಬಾಗು ಒಂದು ಏಣಾಗುತ್ತದೆ.

ಇದು ಬರೀ ಜ್ಯಾಮಿತಿಯ ಊಹೆಯಲ್ಲ. ಫ್ರಾನ್ಸಿನ ಪಾಟ್ರಿಕ್ ಪೋಮಾರ್ ಮತ್ತು ಸಂಗಡಿಗರು 2002ರಲ್ಲಿ ಯೀಸ್ಟಿನಲ್ಲಿ ಈ ಜೋಡಿಯನ್ನು ಬೆಸೆಯುವ ಎರಡು ಸಣ್ಣ ಪ್ರೋಟೀನುಗಳ ಪೈಕಿ ಒಂದನ್ನು ತೆಗೆದುಹಾಕಿದರು. ಕಿಣ್ವ ಸಾಯಲಿಲ್ಲ, ಅದು ಎಟಿಪಿ ಮಾಡುತ್ತಲೇ ಇತ್ತು. ಜೋಡಿ ಮಾತ್ರ ಕಳಚಿತು. ಮೈಟೊಕಾಂಡ್ರಿಯದ ಒಳಗೆ ಕ್ರಿಸ್ಟೆಗಳೇ ಇಲ್ಲವಾದವು. ಒಳಪೊರೆ ಈರುಳ್ಳಿಯ ಪದರಗಳಂತೆ ಒಂದರೊಳಗೊಂದು ಸುತ್ತಿಕೊಂಡಿತ್ತು. ಮಣ್ಣು ಇದೆ, ತಿಗರಿ ಇದೆ, ಕುಂಬಾರನ ಬೆರಳು ಇಲ್ಲ ಎಂಬಂಥ ಸ್ಥಿತಿ.

ಕುಡಿಕೆಯ ಕೊರಳಿಗೆ ಬೇರೆ ಕೈ ಇದೆ. 2011ರಲ್ಲಿ ಮೂರು ತಂಡಗಳು ಸ್ವತಂತ್ರವಾಗಿ ಗುರುತಿಸಿದ, ಈಗ ಮೈಕೋಸ್ ಎಂದು ಕರೆಯುವ ಪ್ರೋಟೀನುಗಳ ಕೂಟ ಕ್ರಿಸ್ಟೆಯ ಕೊರಳಿನಲ್ಲಿ ಕುಳಿತು ಅದನ್ನು ಹಿಡಿದಿಡುತ್ತದೆ. ಅದನ್ನು ತೆಗೆದರೆ ಕೊರಳು ಹರಿದು ಕ್ರಿಸ್ಟೆಗಳು ಗೋಡೆಯಿಂದ ಬೇರ್ಪಟ್ಟು ಮಾತೃಕೆಯೊಳಗೆ ಒಟ್ಟಿಲಾಗಿ ಬೀಳುತ್ತವೆ. ಷೋಸ್ಟ್ರಾಂಡ್ 1953ರಲ್ಲಿ ಬರೆದ ಬಿಡಿ ತಡಿಕೆಗಳು ಸಹಜ ಕೋಶದಲ್ಲಿ ಇಲ್ಲ. ಮೈಕೋಸ್ ಕಳೆದುಕೊಂಡ ಕೋಶದಲ್ಲಿ ಇವೆ.

ಹೀಗೆ ಅಂಚಿನಲ್ಲಿ ಎಟಿಪಿ ಕಿಣ್ವದ ಜೋಡಿ, ಕೊರಳಿನಲ್ಲಿ ಮೈಕೋಸ್, ಮಗ್ಗುಲಿನ ಸಪಾಟು ಭಾಗದಲ್ಲಿ ಪ್ರೋಟಾನು ಎತ್ತುವ ಕಿಣ್ವಗಳು ಎಂದು ಒಂದೇ ಪೊರೆಯಲ್ಲಿ ಜಾಗ ಹಂಚಿಕೆಯಾಗಿದೆ. 2019ರಲ್ಲಿ ಒರಿಯನ್ ಶಿರಿಹಾಯ್ ತಂಡ ಪ್ರಕಟಿಸಿದ ಅಧ್ಯಯನ ಇದಕ್ಕೆ ಇನ್ನೊಂದು ಬಲ ಕೊಟ್ಟಿತು. ಒಂದೇ ಮೈಟೊಕಾಂಡ್ರಿಯದೊಳಗಿನ ಬೇರೆಬೇರೆ ಕ್ರಿಸ್ಟೆಗಳಲ್ಲಿ ವಿದ್ಯುತ್ ವಿಭವ ಬೇರೆಬೇರೆ ಇರುತ್ತದೆ. ಒಂದರಲ್ಲಿ ಅದು ಕುಸಿದರೂ ನೆರೆಯದು ನಿಲ್ಲಬಲ್ಲದು. ಬಾಯಿ ತೆರೆದ ಮಡಿಕೆಗಳಾಗಿದ್ದರೆ ಇದು ಸಾಧ್ಯವಿರಲಿಲ್ಲ. ನೂಲಿನ ಗೆರೆಯ ಚಿತ್ರ ಒಂದು ದೊಡ್ಡ ಕೆರೆಯನ್ನು ತೋರಿಸುತ್ತದೆ. ವಾಸ್ತವವಾಗಿ ಅಲ್ಲಿರುವುದು ಬೇರೆಬೇರೆ ಏರಿಗಳ ಹಲವು ಕಟ್ಟೆಗಳು.

7. ಕೊರಳು ಸಡಿಲಿದಾಗ

ಕುಡಿಕೆಯೊಳಗೆ ಪ್ರೋಟಾನುಗಳಲ್ಲದೆ ಸೈಟೊಕ್ರೋಮ್ ಸಿ ಎಂಬ ಸಣ್ಣ ಪ್ರೋಟೀನು ಇರುತ್ತದೆ. ಅದರ ನಿತ್ಯದ ಕೆಲಸ ಇಲೆಕ್ಟ್ರಾನುಗಳನ್ನು ಸಾಗಿಸುವುದು. 1996ರಲ್ಲಿ ಶಿಯಾಡಾಂಗ್ ವಾಂಗ್ ತಂಡ ಇದಕ್ಕೆ ಇನ್ನೊಂದು ಮುಖವಿದೆ ಎಂದು ತೋರಿಸಿತು. ಅದು ಮೈಟೊಕಾಂಡ್ರಿಯದಿಂದ ಕೋಶದ್ರವ್ಯಕ್ಕೆ ಬಂದರೆ ಕೋಶ ತನ್ನನ್ನು ತಾನೇ ಕ್ರಮಬದ್ಧವಾಗಿ ಕಳಚಿಕೊಳ್ಳುವ ಪ್ರಕ್ರಿಯೆ ಶುರುವಾಗುತ್ತದೆ. ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಕರಗುವುದು, ಗರ್ಭದೊಳಗಿನ ಕೂಸಿನ ಬೆರಳುಗಳ ನಡುವಿನ ಚರ್ಮ ಮಾಯವಾಗುವುದು ಇಂಥ ಕ್ರಮಬದ್ಧ ಸಾವಿನಿಂದ. ಸೈಟೊಕ್ರೋಮ್ ಸಿಯ ಬಹುಪಾಲು ಕ್ರಿಸ್ಟೆಗಳ ಹೊಟ್ಟೆಯಲ್ಲಿದೆ, ಸಾವಿನ ಸೂಚನೆ ಬಂದಾಗ ಕ್ರಿಸ್ಟೆಗಳ ಆಕಾರ ಬದಲಾಗಿ ಕೊರಳು ಅಗಲವಾಗುತ್ತದೆ ಎಂದು ಲೂಕಾ ಸ್ಕೊರಾನೊ ಮತ್ತು ಸಂಗಡಿಗರು 2002ರಲ್ಲಿ ವಿವರಿಸಿದರು.

ಕೊರಳನ್ನು ಬಿಗಿಹಿಡಿಯುವುದರಲ್ಲಿ ಒಪಿಎ1 ಎಂಬ ಪ್ರೋಟೀನಿಗೆ ದೊಡ್ಡ ಪಾತ್ರವಿದೆ. ಅದರ ವಂಶವಾಹಿಯಲ್ಲಿ ದೋಷವಿದ್ದರೆ ದೃಷ್ಟಿನರ ಕ್ಷಯಿಸಿ, ಬಾಲ್ಯದಿಂದಲೇ ಕಣ್ಣು ಮಂಜಾಗುತ್ತ ಹೋಗುವ ಆನುವಂಶಿಕ ಕಾಯಿಲೆ ಬರುತ್ತದೆ ಎಂಬುದು 2000ದಲ್ಲಿ ಗೊತ್ತಾಯಿತು. 30 ನ್ಯಾನೊಮೀಟರಿನ ಕೊರಳೊಂದರ ಬಿಗಿತಕ್ಕೂ ಒಂದು ಮಗುವಿನ ದೃಷ್ಟಿಗೂ ಇರುವ ನಂಟು ಇದು.

8. ತಾಯಿಯ ಕಡೆಯ ಎಳೆ

ಆಲ್ಟ್‌ಮನ್ ಕಂಡ ಮೂಲಜೀವಿಗಳ ಕಲ್ಪನೆ ಪೂರ್ತಿ ಸರಿಯಲ್ಲದಿದ್ದರೂ ಸತ್ಯದ ಹತ್ತಿರವಿತ್ತು. 1963ರಲ್ಲಿ ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ಮೈಟೊಕಾಂಡ್ರಿಯದೊಳಗೆ ಡಿಎನ್‌ಎ ಎಳೆಗಳನ್ನು ತೋರಿಸಿದರು. 1967ರಲ್ಲಿ ಲಿನ್ ಮಾರ್ಗುಲಿಸ್ ಮೈಟೊಕಾಂಡ್ರಿಯಗಳು ಒಂದು ಕಾಲಕ್ಕೆ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಗಳು ಎಂಬ ವಾದವನ್ನು ಮತ್ತೆ ಕಟ್ಟಿ ನಿಲ್ಲಿಸಿದಳು. ಅದು ಈಗ ಸರ್ವಸಮ್ಮತ.

ಮನುಷ್ಯರ ಮೈಟೊಕಾಂಡ್ರಿಯದ ಡಿಎನ್‌ಎ ಪೂರ್ಣವಾಗಿ ಓದಲ್ಪಟ್ಟದ್ದು 1981ರಲ್ಲಿ. 16,569 ಅಕ್ಷರಜೋಡಿಗಳ ಒಂದು ಉಂಗುರ, 37 ವಂಶವಾಹಿಗಳು. ಅದು ಮಕ್ಕಳಿಗೆ ಬರುವುದು ತಾಯಿಯಿಂದ. ತುಳುನಾಡಿನ ಅಳಿಯಕಟ್ಟನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ: ಮಗನೂ ತಾಯಿಯ ಬಳಿಗೆ ಸೇರಿದವನೇ, ಆದರೆ ಎಳೆ ಮುಂದುವರಿಯುವುದು ಮಗಳ ಮೂಲಕ.

ಈ 37ರಲ್ಲಿ 24 ವಂಶವಾಹಿಗಳು ಪ್ರೋಟೀನು ತಯಾರಿಕೆಗೆ ಬೇಕಾದ ಆರ್‌ಎನ್‌ಎಗಳಿಗೆ ಮೀಸಲು. ಉಳಿದ 13 ಪ್ರೋಟೀನುಗಳ ವಂಶವಾಹಿಗಳು. ಈ 13ರಲ್ಲಿ ಒಂದೂ ಬಿಡದಂತೆ ಎಲ್ಲವೂ ಒಳಪೊರೆಯಲ್ಲಿ ಕೂರುವ ಪ್ರೋಟೀನುಗಳೇ: 11 ಪ್ರೋಟಾನು ಎತ್ತುವ ಕಿಣ್ವಗಳ ಭಾಗಗಳು, 2 ಎಟಿಪಿ ಕಟ್ಟುವ ಕಿಣ್ವದ ಭಾಗಗಳು. ಮೈಟೊಕಾಂಡ್ರಿಯಕ್ಕೆ ಬೇಕಾದ ಸಾವಿರಕ್ಕೂ ಮಿಕ್ಕಿದ ಬೇರೆ ಪ್ರೋಟೀನುಗಳ ವಂಶವಾಹಿಗಳು ಕೋಶಕೇಂದ್ರಕ್ಕೆ ಸೇರಿಹೋಗಿವೆ. ಏತ ಮತ್ತು ತೂಬಿನ ತಿರುಳಿನ ಭಾಗಗಳನ್ನು ಮಾತ್ರ ಅದು ತನ್ನಲ್ಲೇ ಉಳಿಸಿಕೊಂಡಿದೆ. ಒಳಪೊರೆಯೇ ಈ ಕಣದಂಗದ ಜೀವಾಳ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

9. ಉಪಸಂಹಾರ

ಮೇಲಿನ ಸಾಕ್ಷ್ಯಗಳಿಂದ ಹೊರಡುವ ತೀರ್ಮಾನ ಇದು. ಕ್ರಿಸ್ಟೆ ಮೇಲ್ಮೈ ಹೆಚ್ಚಿಸುವ ನೆರಿಗೆ ಎಂಬ ವಿವರಣೆ ಅರ್ಧ ಮಾತ್ರ. ಅದು ಪ್ರೋಟಾನುಗಳನ್ನು ತುಂಬಿಟ್ಟುಕೊಳ್ಳುವ ಕಿರುಗೊರಳಿನ ಕುಡಿಕೆ. ಅದರ ಆಕಾರವನ್ನು ಅಲ್ಲಿ ದುಡಿಯುವ ಕಿಣ್ವಗಳೇ ಕಟ್ಟುತ್ತವೆ. ಆ ಆಕಾರ ಕೆಟ್ಟರೆ ಕೋಶದ ಬದುಕಿಗೂ ಸಾವಿಗೂ ಅದರ ಪೆಟ್ಟು ತಗಲುತ್ತದೆ.

ಕನ್ನಡದಲ್ಲಿ ಜೀವವಿಜ್ಞಾನ ಬರೆಯುವವರಿಗೆ, ಕಲಿಸುವವರಿಗೆ, ಚಿತ್ರ ಬಿಡಿಸುವವರಿಗೆ ನನ್ನ ಬಿನ್ನಹ ಮೂರು. ಮೈಟೊಕಾಂಡ್ರಿಯ ಶಕ್ತಿಯನ್ನು ‘ಉತ್ಪಾದಿಸುತ್ತದೆ’ ಎನ್ನುವ ಬದಲು ‘ರೂಪಾಂತರಿಸುತ್ತದೆ’ ಎನ್ನಿ. ಶಕ್ತಿಯನ್ನು ಯಾರೂ ಹೊಸದಾಗಿ ಹುಟ್ಟಿಸಲಾರರು ಎಂದು ಅದೇ ಮಗುವಿಗೆ ಭೌತವಿಜ್ಞಾನದ ತರಗತಿಯಲ್ಲಿ ಹೇಳಿಕೊಟ್ಟಿರುತ್ತೇವೆ. ರಚನೆ ಮತ್ತು ಕಾರ್ಯವನ್ನು ಒಂದೇ ಶೀರ್ಷಿಕೆಯಡಿ ಬರೆಯಿರಿ. ಥರ್ಮಾಕೋಲಿನ ಮೇಲೆ ನೂಲು ಅಂಟಿಸುವಾಗ ಪ್ರತಿಯೊಂದು ಬಾಗಿನ ಬುಡದಲ್ಲೂ ಎರಡು ಎಳೆಗಳನ್ನು ಹತ್ತಿರ ತಂದು ಒಂದು ಕೊರಳು ಮಾಡಿಸಿ. ಅದಕ್ಕೆ ಬೇಕಾಗುವುದು ಒಂದು ಹನಿ ಗೋಂದು ಮಾತ್ರ.